ಒಂಬತ್ತು ಪಿನ್ನು, ಒಂದು ಒತ್ತಕ್ಷರ

ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸುವಾಗ ‘ಕರ್ರ್… ಕರ್ರ್…’ ಅನ್ನುತ್ತಲ್ಲ, ಅದು ಡಾಟ್ ಮ್ಯಾಟ್ರಿಕ್ಸ್ ಜಾತಿಯ ಪ್ರಿಂಟರ್. 1980ರ ದಶಕದಲ್ಲಿ ಕಂಪ್ಯೂಟರ್ ಇದ್ದ ಮೇಜಿನ ಪಕ್ಕ ಹೆಚ್ಚಾಗಿ ಇದೇ ಇರುತ್ತಿತ್ತು. ಎಪ್ಸನ್ ಎಫ್‌ಎಕ್ಸ್-80 ಆಗಿನ ಹೆಸರುವಾಸಿ ಮಾದರಿ.

ಅದರ ತಲೆಯಲ್ಲಿ ಮೇಲಿಂದ ಕೆಳಕ್ಕೆ 9 ಪಿನ್. ತಲೆ ಅಡ್ಡಕ್ಕೆ ಓಡುತ್ತಾ ಬೇಕಾದ ಪಿನ್ ಮಾತ್ರ ರಿಬ್ಬನ್ನಿಗೆ ಬಡಿಯುತ್ತದೆ, ಕಾಗದದ ಮೇಲೆ ಚುಕ್ಕೆ ಬೀಳುತ್ತದೆ. ವರ್ಡ್‌ಸ್ಟಾರ್‌ನಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಬರೆದು ಪ್ರಿಂಟ್ ಕೊಟ್ಟರೆ ಹೋಗುವುದು 65 ಎಂಬ ಒಂದೇ ಬೈಟ್. ಚುಕ್ಕೆ ಎಲ್ಲೆಲ್ಲಿ ಅನ್ನೋದು ಪ್ರಿಂಟರಿನೊಳಗಿನ ಚಿಪ್ಪಿಗೇ ಗೊತ್ತು. 80 ಅಕ್ಷರದ ಸಾಲಿಗೆ 80 ಬೈಟ್, ಅಷ್ಟೇ.

ಆ ಚಿಪ್ಪಿನಲ್ಲಿ ಕನ್ನಡ ಇರಲಿಲ್ಲ. ಇದ್ದಿದ್ದರೂ ‘ಸ್ತ್ರೀ’ ನೋಡಿ: ಮೇಲೆ ಗುಡಿಸು, ನಡುವೆ ಸ, ಕೆಳಗೆ ತ ಒತ್ತು, ಅದಕ್ಕಂಟಿ ರ ಒತ್ತು, ಪಕ್ಕದಲ್ಲಿ ದೀರ್ಘ. ಒಂಬತ್ತು ಚುಕ್ಕೆ ಎತ್ತರದಲ್ಲಿ ಇಷ್ಟೆಲ್ಲ ಹಿಡಿಸೋದು ಹೇಗೆ?

ಉಳಿದ ದಾರಿ ಗ್ರಾಫಿಕ್ಸ್ ಮೋಡ್. 27, 75, 224, 1 ಎಂದು ನಾಲ್ಕು ಬೈಟ್ ಕಳಿಸಿದರೆ, ಮುಂದಿನ 480 ಬೈಟ್ ಅಕ್ಷರವಲ್ಲ, ಚುಕ್ಕೆ ಎಂದು ಪ್ರಿಂಟರಿಗೆ ತಿಳಿಯುತ್ತದೆ. (480 ಅಂದರೆ 224 + 1×256. ಇಂಚಿಗೆ 60 ಚುಕ್ಕೆಯಂತೆ 8 ಇಂಚು.) ಬೈಟಿನ ಒಂದೊಂದು ಬಿಟ್ಟಿಗೆ ಒಂದೊಂದು ಪಿನ್, ಮೇಲಿನದಕ್ಕೆ 128, ಕೆಳಗಿನದಕ್ಕೆ 1. ಒಂಬತ್ತನೆಯ ಪಿನ್ ಈಗ ಸುಮ್ಮನೆ ಕೂರುತ್ತದೆ, ಪಾಪ. ಒಂದು ಪಟ್ಟಿ ಮುಗಿದ ಮೇಲೆ ಕಾಗದವನ್ನು 8/72 ಇಂಚು ಸರಿಸಿ ಇನ್ನೊಂದು, ಮತ್ತೆ ಸರಿಸಿ ಮೂರನೆಯದು. ಒಟ್ಟು 24 ಚುಕ್ಕೆ ಎತ್ತರ, 1440 ಬೈಟ್. ಇಂಗ್ಲಿಷ್ ಸಾಲಿನ ಹದಿನೆಂಟು ಪಟ್ಟು! ಸದ್ದು, ಸಮಯ ಕೂಡ ಹಾಗೇ ಏರುತ್ತಿದ್ದವು.

ಬೈಟಿನ ಲೆಕ್ಕಕ್ಕಿಂತ ದೊಡ್ಡ ಕೆಲಸ ಬೇರೆ ಇತ್ತು. ಪ್ರತಿ ಅಕ್ಷರ, ಪ್ರತಿ ಒತ್ತಿನ ಚುಕ್ಕೆಯನ್ನೂ ಯಾರೋ ಕೂತು ಬಿಡಿಸಬೇಕಿತ್ತು. ಹಾಗಂತ ಟೈಪ್ ಮಾಡುವವರ ತಲೆಗೆ ಆ ಕಷ್ಟ ಏರಬಾರದು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಜಾಣತನ ಇಲ್ಲೇ ಇದೆ. ಇಂದು ‘ನುಡಿ’ಯಲ್ಲಿ ಬಳಸುವ ಅದೇ ವಿನ್ಯಾಸದಲ್ಲಿ ಸ, ‘ಎಫ್’, ತ, ‘ಎಫ್’, ರ, ಈಕಾರ ಎಂದು ಉಚ್ಚಾರದ ಕ್ರಮದಲ್ಲಿ ಒತ್ತುತ್ತೇವೆ. ಒತ್ತು ಎಲ್ಲಿ ಕೂರಬೇಕು, ಗುಡಿಸು ಯಾವುದಕ್ಕೆ ಅಂಟಬೇಕು ಅನ್ನೋದು ತಂತ್ರಾಂಶದ ತಲೆನೋವು.

ನಂಬಿಕೆ ಬರದಿದ್ದರೆ ಗ್ರಾಫ್ ಹಾಳೆ ತಗೊಳ್ಳಿ. 24 ಸಾಲು ಎಣಿಸಿ ‘ಸ್ತ್ರೀ’ ಬಿಡಿಸಿ, ಎಂಟೆಂಟು ಸಾಲಿನ ಮೂರು ಪಟ್ಟಿ ಮಾಡಿ, ಪ್ರತಿ ಕಂಬಕ್ಕೂ ಬೈಟ್ ಬರೆದು ನೋಡಿ.