ಪಠ್ಯಾಧಾರಿತ ಚರ್ಚೆಗೆ ಪೂರ್ವಸಿದ್ಧತೆ

ಜನಪದ ಕಥನಗೀತೆಯಾದ ‘ಗೋವಿನ ಹಾಡಿ’ನ ಕೊನೆಯಲ್ಲಿ ಹುಲಿಯು ಪುಣ್ಯಕೋಟಿಯನ್ನು ತಿನ್ನದೆ ತಾನೇ ಪ್ರಾಣ ಬಿಡುತ್ತದೆ. ಅದು ಪ್ರಾಣ ಬಿಡಬೇಕಾಗಿತ್ತೇ? ಈ ಪ್ರಶ್ನೆಗೆ ತರಗತಿಯಲ್ಲಿ ಎರಡು ಪಕ್ಷಗಳು ಸಹಜವಾಗಿಯೇ ಹುಟ್ಟುತ್ತವೆ. ಆದರೆ ಸಿದ್ಧತೆಯಿಲ್ಲದ ಚರ್ಚೆಯು ಗದ್ದಲವಾಗುತ್ತದೆ, ಇಲ್ಲವೇ ಮಾತುಬಲ್ಲ ಇಬ್ಬರು ಮೂವರ ಸ್ವತ್ತಾಗುತ್ತದೆ.

ಪ್ರಶ್ನೆಯನ್ನು ಹಿಂದಿನ ದಿನವೇ ಕರಿಹಲಗೆಯ ಮೇಲೆ ಬರೆಯಬೇಕು. ಪ್ರತಿ ವಿದ್ಯಾರ್ಥಿಯೂ ಪದ್ಯವನ್ನು ಮತ್ತೆ ಓದಿ, ತನ್ನ ಅಭಿಪ್ರಾಯಕ್ಕೆ ಆಧಾರವಾದ ಸಾಲನ್ನು ಗುರುತಿಸಿ, ಕಾರಣವನ್ನು ಎರಡು ವಾಕ್ಯಗಳಲ್ಲಿ ಬರೆದು ತರಲಿ. ಮಾತನಾಡುವವರು ಮೊದಲು ಆ ಸಾಲನ್ನು ಓದಬೇಕು. ಒಪ್ಪದವರು ಹಿಂದಿನ ಮಾತಿನ ಸಾರವನ್ನು ಹೇಳಿದ ಬಳಿಕವೇ ಉತ್ತರಿಸಬೇಕು.

ಕಾಸರಗೋಡಿನಂತಹ ಗಡಿಭಾಗದ ತರಗತಿಯಲ್ಲಿ ತುಳು, ಮಲಯಾಳ, ಕೊಂಕಣಿ, ಹವ್ಯಕ ಕನ್ನಡಗಳನ್ನು ಮನೆಯಲ್ಲಾಡುವ ಮಕ್ಕಳು ಒಟ್ಟಿಗಿರುತ್ತಾರೆ. ಒಂದು ಮಗುವಿನ ಉಚ್ಚಾರಕ್ಕೆ ಒಮ್ಮೆ ನಕ್ಕರೆ, ಅದು ವರ್ಷವಿಡೀ ಬಾಯಿ ತೆರೆಯದಿರಬಹುದು. ಆದುದರಿಂದ ಆಕ್ಷೇಪವು ವಿಚಾರಕ್ಕೆ ಸೀಮಿತ, ಆಡುವ ನುಡಿಗಲ್ಲ ಎಂಬ ನಿಯಮವನ್ನು ಮೊದಲೇ ತಿಳಿಸಬೇಕು. ಚರ್ಚೆಯ ನಡುವೆ ಶಿಕ್ಷಕರೂ ಭಾಷೆಯನ್ನು ತಿದ್ದಬಾರದು. ತಪ್ಪುಗಳನ್ನು ಬರೆದಿಟ್ಟುಕೊಂಡು, ಮರುದಿನದ ವ್ಯಾಕರಣ ಪಾಠದಲ್ಲಿ ಯಾರ ಹೆಸರನ್ನೂ ಹೇಳದೆ ವಿವರಿಸಬಹುದು.

ಕೊನೆಗೆ ಗೆದ್ದವರಾರೆಂಬ ತೀರ್ಪು ಬೇಡ. ಯಾರ ಮಾತಿನಿಂದ ತನ್ನ ಅಭಿಪ್ರಾಯ ಬದಲಾಯಿತು ಅಥವಾ ದೃಢವಾಯಿತು ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಾಕ್ಯದಲ್ಲಿ ಬರೆಯಲಿ.