ಮಾತಿಲ್ಲದ ನಾಯಕಿ ಮತ್ತು ಕಿರುತೆರೆ: ‘ಪರ್ಸುಯೇಷನ್’ನ ಎರಡು ರೂಪಾಂತರಗಳು

ಜೇನ್ ಆಸ್ಟೆನ್‌ಳ ಮರಣಾನಂತರ, 1817ರ ಡಿಸೆಂಬರಿನಲ್ಲಿ ಪ್ರಕಟವಾದ ‘ಪರ್ಸುಯೇಷನ್’ ಕಾದಂಬರಿಯ ವಸ್ತು ಸರಳವಾದುದು. ಹತ್ತೊಂಬತ್ತರ ಹರೆಯದಲ್ಲಿ ಹಿತೈಷಿಯಾದ ಲೇಡಿ ರಸೆಲ್‌ಳ ಮಾತಿಗೆ ಮಣಿದು ವೆಂಟ್‌ವರ್ತ್ ಎಂಬ ನೌಕಾಧಿಕಾರಿಯನ್ನು ನಿರಾಕರಿಸಿದ ಆನ್ ಎಲಿಯಟ್, ಸುಮಾರು ಎಂಟು ವರ್ಷಗಳ ಬಳಿಕ ಸಿರಿವಂತನಾಗಿ ಮರಳಿದ ಅವನನ್ನು ಎದುರಿಸಬೇಕಾಗುತ್ತದೆ. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದು ವಿಪ್ರಲಂಭ ಶೃಂಗಾರ. ಇಲ್ಲಿಯ ವಿರಹಿಗಳು ಮಾತ್ರ ಒಂದೇ ಊಟದ ಮೇಜಿಗೆ ಕೂರುವವರು.

ಇದೇ ಲೇಖಕಿಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ದೃಶ್ಯಮಾಧ್ಯಮಕ್ಕೆ ಸುಲಭವಾಗಿ ಒಗ್ಗಿತು. 1985ರಲ್ಲಿ ದೂರದರ್ಶನವು ‘ತೃಷ್ಣಾ’ ಎಂಬ ಹಿಂದಿ ಧಾರಾವಾಹಿಯಾಗಿ ತಂದುದೂ ಅದನ್ನೇ. ಅದರ ನಾಯಕಿ ಬದುಕುವುದು ಸಂಭಾಷಣೆಯಲ್ಲಿ. ಆನ್ ಹಾಗಲ್ಲ, ಅವಳ ಬಾಳೆಲ್ಲ ನಿರೂಪಣೆಯ ಒಳದನಿಯಲ್ಲಿ ಅಡಗಿದೆ. ಆ ದನಿಯನ್ನು ಕಳೆದರೆ ರೂಪಾಂತರಕಾರನಿಗೆ ಉಳಿಯುವುದು ಅನುಭಾವಗಳು ಮಾತ್ರ: ಕಣ್ಣು, ಕೈ, ಮೈಬಣ್ಣ.

1995ರಲ್ಲಿ ಬಿಬಿಸಿಗಾಗಿ ರೋಜರ್ ಮಿಷೆಲ್ ನಿರ್ದೇಶಿಸಿದ, ನಿಕ್ ಡಿಯರ್ ಚಿತ್ರಕಥೆ ಬರೆದ ಟೆಲಿಚಿತ್ರವು ಈ ಬಡತನವನ್ನೇ ಬಂಡವಾಳ ಮಾಡಿಕೊಂಡಿದೆ. ಅಮಾಂಡಾ ರೂಟ್‌ಳ ಆನ್ ಮೊದಲ ಭಾಗದಲ್ಲಿ ಬಹುಮಟ್ಟಿಗೆ ಕೇಳುವವಳು. ಇತರರು ಹರಟುತ್ತಿರುವಾಗ ಕ್ಯಾಮೆರಾ ಅವಳ ಮುಖದ ಮೇಲೆ ನಿಲ್ಲುತ್ತದೆ. ವೆಂಟ್‌ವರ್ತ್ ಒಳಬಂದಾಗ ಕಾಣುವುದು ಕುರ್ಚಿಯ ಬೆನ್ನನ್ನು ಬಿಗಿಹಿಡಿದ ಅವಳ ಕೈ. ಸ್ತಂಭವೆಂಬ ಸಾತ್ತ್ವಿಕ ಭಾವಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ದಣಿದ ಅವಳನ್ನು ಅವನು ಗಾಡಿಗೆ ಏರಿಸುವ ಪ್ರಸಂಗವೂ ಹೀಗೆಯೇ. ಅವನು ಕ್ಷಮಿಸಲಾರ, ಆದರೂ ತನ್ನ ಕಷ್ಟವನ್ನು ಕಂಡು ಸುಮ್ಮನಿರಲಾರ ಎಂದು ಆನ್ ಅರಿತುಕೊಳ್ಳುವುದನ್ನು ಕಾದಂಬರಿ ವಿಸ್ತಾರವಾಗಿ ವಿವರಿಸುತ್ತದೆ. ಚಿತ್ರದಲ್ಲಿ ಅಷ್ಟನ್ನೂ ಹೇಳುವುದು ಅವಳ ನಡುವನ್ನು ಹಿಡಿದೆತ್ತುವ ಎರಡು ಕೈಗಳು.

2007ರಲ್ಲಿ ಐಟಿವಿ ಪ್ರಸಾರ ಮಾಡಿದ, ಏಡ್ರಿಯನ್ ಶೆರ್ಗೋಲ್ಡ್ ನಿರ್ದೇಶನದ ಟೆಲಿಚಿತ್ರದ ಹಾದಿ ಬೇರೆ. ಇಲ್ಲಿ ಆನ್ ದಿನಚರಿ ಬರೆಯುತ್ತಾಳೆ; ಒಮ್ಮೊಮ್ಮೆ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾಳೆ. ಸ್ಯಾಲಿ ಹಾಕಿನ್ಸ್‌ಳ ಅಭಿನಯ ಸಮರ್ಥವಾದುದೇ. ಆದರೆ ಯಾರಿಗೂ ಹೇಳಲಾಗದ ಸಂಕಟವನ್ನು ಪ್ರೇಕ್ಷಕನಿಗೆ ಹೇಳಿಕೊಂಡ ಮೇಲೆ ಆ ಏಕಾಂತ ಎಲ್ಲಿ ಉಳಿಯಿತು? ಕೊನೆಗೆ ಅವಳು ಬಾತ್ ನಗರದ ಬೀದಿಗಳಲ್ಲಿ ಓಡುವುದು ಹಲವು ವಿಮರ್ಶಕರ ಹಾಸ್ಯಕ್ಕೆ ಗುರಿಯಾಯಿತು. ಅದು ಸಣ್ಣ ದೋಷ.

ದೊಡ್ಡ ದೋಷವಿರುವುದು ಪತ್ರದ ಪ್ರಸಂಗದಲ್ಲಿ. ಆಸ್ಟೆನ್ ಮೊದಲು ಬರೆದ ಸಮಾಗಮದ ಅಧ್ಯಾಯವನ್ನು ಕೈಬಿಟ್ಟು ಹೊಸದಾಗಿ ಬರೆದಳು. ಹಳೆಯದರ ಹಸ್ತಪ್ರತಿ ಇಂದಿಗೂ ಉಳಿದಿದೆ. ಹೊಸ ಪಾಠದಲ್ಲಿ, ಹೆಣ್ಣಿನ ಪ್ರೇಮನಿಷ್ಠೆಯನ್ನು ಕುರಿತು ಆನ್ ಹಾರ್ವಿಲ್‌ನೊಡನೆ ವಾದಿಸುತ್ತಾಳೆ. ಲೇಖನಿ ಇದುವರೆಗೂ ಗಂಡಸರ ಕೈಯಲ್ಲಿತ್ತು, ಆದ್ದರಿಂದ ಪುಸ್ತಕಗಳ ಸಾಕ್ಷ್ಯ ಬೇಡವೆನ್ನುತ್ತಾಳೆ. ಅದೇ ಕೋಣೆಯಲ್ಲಿ ಕಿವಿಗೊಟ್ಟು ಕುಳಿತ ವೆಂಟ್‌ವರ್ತ್ ತನ್ನ ಲೇಖನಿಯಿಂದ ಅವಳಿಗೆ ಉತ್ತರ ಬರೆಯುತ್ತಾನೆ. 1995ರ ಚಿತ್ರ ಈ ಸನ್ನಿವೇಶವನ್ನು ಉಳಿಸಿಕೊಂಡಿದೆ. 2007ರ ಚಿತ್ರ ಆ ವಾದವನ್ನು ಬಹಳ ಹಿಂದಕ್ಕೆ ಒಯ್ದು, ಲೈಮ್‌ನಲ್ಲಿ ಬೆನ್ವಿಕ್‌ನೊಡನೆ ನಡೆಯುವ ಮಾತುಕತೆಯಾಗಿಸಿದೆ. ಪತ್ರ ಬರುತ್ತದೆ, ಅದನ್ನು ಬರೆಯಿಸಿದ ಮಾತು ಮಾತ್ರ ಅಲ್ಲಿಲ್ಲ.

ಮುಕ್ತಾಯಗಳಲ್ಲಿಯೂ ಇದೇ ಅಂತರ. ಕಾದಂಬರಿಯ ಆನ್‌ಳಿಗೆ ದೊರೆಯುವುದು ಸ್ಥಿರವಾದ ಮನೆಯಲ್ಲ. ಮುಂದೊಮ್ಮೆ ಯುದ್ಧ ಬಂದೀತೆಂಬ ಅಂಜಿಕೆಯೊಡನೆ ಬರುವ ನಾವಿಕನ ಬಾಳು. 1995ರ ಚಿತ್ರ ಅವಳನ್ನು ಹಡಗಿನ ಮೇಲೆ ನಿಲ್ಲಿಸುತ್ತದೆ. 2007ರ ಚಿತ್ರದಲ್ಲಿ ವೆಂಟ್‌ವರ್ತ್ ಅವಳ ಕಣ್ಣುಕಟ್ಟಿ ಕರೆತಂದು, ಅವಳ ತಂದೆಯ ಕೆಲಿಂಚ್ ಮಹಲನ್ನೇ ಮದುವೆಯ ಉಡುಗೊರೆಯಾಗಿ ಕೊಡುತ್ತಾನೆ.