ಗೇಮ್ ಕಂಟ್ರೋಲರ್ ರಿಪೇರಿ: ಕೈಗಳ ಬಗ್ಗೆ ಇರಲಿ ಎಚ್ಚರ

ವಿಡಿಯೋ ಗೇಮ್ ಕಂಟ್ರೋಲರಿನ ಗುಂಡಿ ಅಂಟಿಕೊಂಡರೆ ಅಥವಾ ಸ್ಟಿಕ್ ತಾನಾಗಿಯೇ ಒಂದು ಕಡೆಗೆ ವಾಲತೊಡಗಿದರೆ, ಹೊಸದನ್ನು ಕೊಳ್ಳುವ ಬದಲು ಮನೆಯಲ್ಲೇ ಬಿಚ್ಚಿ ಸರಿಪಡಿಸುವವರಿದ್ದಾರೆ. ಆರೋಗ್ಯದ ಅಂಕಣದಲ್ಲಿ ಈ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ಇಷ್ಟೆ: ಕೆಟ್ಟ ಕಂಟ್ರೋಲರ್ ಕೈಗೆ ನೋವು ತರಬಲ್ಲದು; ಎಚ್ಚರವಿಲ್ಲದೆ ಮಾಡಿದ ರಿಪೇರಿ ಅದಕ್ಕಿಂತ ದೊಡ್ಡ ಅಪಾಯ ತರಬಲ್ಲದು.

ಹೆಬ್ಬೆರಳು ನೋಯುವುದೇಕೆ?

ಸಾಮಾನ್ಯವಾಗಿ ಗುಂಡಿಯ ಕೆಳಗೆ ರಬ್ಬರಿನ ಪದರವೂ ಅದರ ತಳದಲ್ಲಿ ಇಂಗಾಲದ ಪುಟ್ಟ ಬಿಲ್ಲೆಯೂ ಇರುತ್ತವೆ. ಗುಂಡಿ ಒತ್ತಿದಾಗ ಬಿಲ್ಲೆಯು ಒಳಗಿನ ಸರ್ಕ್ಯೂಟನ್ನು ಮುಟ್ಟಿ ವಿದ್ಯುತ್ ಹರಿಯುತ್ತದೆ. ಬೆವರು, ಜಿಡ್ಡು, ಚೆಲ್ಲಿದ ಪಾನೀಯ ಅಲ್ಲಿ ಸೇರಿದರೆ ಈ ಸಂಪರ್ಕ ಸರಿಯಾಗಿ ಆಗುವುದಿಲ್ಲ. ಆಗ ಆಡುವವರು ಅರಿವಿಲ್ಲದೆಯೇ ಹೆಚ್ಚು ಬಲ ಹಾಕಿ ಒತ್ತುತ್ತಾರೆ. ಇದರ ಭಾರವೆಲ್ಲ ಹೆಬ್ಬೆರಳಿನ ಸ್ನಾಯುರಜ್ಜುಗಳ ಮೇಲೆ ಬೀಳುತ್ತದೆ.

ಸರಿಯಿರುವ ಕಂಟ್ರೋಲರನ್ನೂ ಅತಿಯಾಗಿ ಬಳಸಿದರೆ ತೊಂದರೆಯೇ. ಐದು ಗಂಟೆ ಬಿಡುವಿಲ್ಲದೆ ಆಡಿ ಹೆಬ್ಬೆರಳು ನೋಯಿಸಿಕೊಂಡ 35 ವರ್ಷದ ಮಹಿಳೆಯ ವಿಷಯವನ್ನು ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 1990ರಲ್ಲಿ ಪ್ರಕಟಿಸಿತು. ಆಟದ ಯಂತ್ರದ ಹೆಸರಿನಿಂದಲೇ ಅದನ್ನು ‘ನಿಂಟೆಂಡಿನೈಟಿಸ್’ ಎಂದು ಕರೆಯಲಾಯಿತು.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ, ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಾಗಿಸಿ ನೋಡಿ. ಹೆಬ್ಬೆರಳಿನ ಬುಡದ ಬಳಿ ಮಣಿಕಟ್ಟಿನಲ್ಲಿ ತೀವ್ರ ನೋವು ಬಂದರೆ ಸ್ನಾಯುರಜ್ಜಿನ ಹೊದಿಕೆ ಊದಿಕೊಂಡಿರಬಹುದು. ಆಟ ನಿಲ್ಲಿಸಿ ಕೈಗೆ ವಿಶ್ರಾಂತಿ ಕೊಡಿ. ನೋವು ಇಳಿಯದಿದ್ದರೆ ವೈದ್ಯರನ್ನು ಕಾಣಿರಿ.

ಬಿಚ್ಚುವ ಮುನ್ನ

ಮೊದಲು ಕೇಬಲ್ ಕಳಚಿ, ಕಂಟ್ರೋಲರನ್ನು ಆಫ್ ಮಾಡಿ. ವೈರ್ ಇಲ್ಲದ ಅನೇಕ ಕಂಟ್ರೋಲರುಗಳೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಸ್ಕ್ರೂಡ್ರೈವರಿನ ಮೊನೆ ಅದಕ್ಕೆ ಚುಚ್ಚಿದರೆ ಬೆಂಕಿ ಹತ್ತಬಹುದು. ಅದನ್ನು ಪ್ಲಗ್ ಹಿಡಿದು ಬಿಡಿಸಿ, ಮೀಟಿ ತೆಗೆಯಬೇಡಿ. ಬ್ಯಾಟರಿ ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡದೆ, ಮನೆಯ ಕಸದ ಬುಟ್ಟಿಗೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಸ್ಕ್ರೂ, ಸ್ಪ್ರಿಂಗ್‌ಗಳನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಒಂದು ತಟ್ಟೆಯಲ್ಲಿ ಹಾಕಿ ಎತ್ತಿಡಿ.

ಗುಂಡಿಯ ತೊಂದರೆ ಬಹಳ ಸಲ ಶುಚಿ ಮಾಡಿದರೇ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಸ್ವಲ್ಪವೇ ನೆನೆಸಿದ ಹತ್ತಿಯಿಂದ ಬಿಲ್ಲೆಯನ್ನೂ ಅದು ಮುಟ್ಟುವ ಜಾಗವನ್ನೂ ಒರೆಸಿ. ಪೂರ್ತಿ ಒಣಗಿದ ಮೇಲೆಯೇ ಬ್ಯಾಟರಿ ಜೋಡಿಸಿ. ಈ ದ್ರವ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೀಪಗಳಿಂದ ದೂರವಿರಲಿ.

ಬೆಸುಗೆ ಹಾಕುವಾಗ

ಸ್ಟಿಕ್ ಬದಲಿಸಲು ಸಾಮಾನ್ಯವಾಗಿ ಬೆಸುಗೆ ಬೇಕು. ಅಭ್ಯಾಸವಿಲ್ಲದವರು ಇದನ್ನು ರಿಪೇರಿ ಅಂಗಡಿಗೆ ಕೊಡುವುದೇ ಲೇಸು. ತವರ-ಸೀಸದ ಬೆಸುಗೆ ತಂತಿಯಿಂದ ಏಳುವ ಹೊಗೆಯೇ ಸೀಸ ಎಂಬುದು ತಪ್ಪು ತಿಳಿವಳಿಕೆ. ಆ ಹೊಗೆ ಮುಖ್ಯವಾಗಿ ತಂತಿಯೊಳಗಿನ ರಾಳದ್ದು. ಉಬ್ಬಸವಿದ್ದವರಿಗೆ ಅದು ಕೆಟ್ಟದ್ದು, ಪದೇ ಪದೇ ಉಸಿರಾಡಿದರೆ ಇಲ್ಲದವರಿಗೂ ಉಬ್ಬಸ ತರಬಲ್ಲದು. ಸೀಸವಾದರೋ ಹೆಚ್ಚಾಗಿ ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಅದು ಎಷ್ಟು ಅಲ್ಪವಾದರೂ ಸುರಕ್ಷಿತವಲ್ಲ. ಆದ್ದರಿಂದ ಊಟದ ಮೇಜಿನ ಮೇಲೆ ಬೆಸುಗೆ ಬೇಡ. ಸೀಸವಿಲ್ಲದ ತಂತಿ ಬಳಸಿ, ಕಿಟಕಿ ತೆರೆದಿಡಿ, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ. ಗರ್ಭಿಣಿಯರೂ ಮಕ್ಕಳೂ ಹತ್ತಿರ ಇರಕೂಡದು.

ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಐಸ್ ಹಚ್ಚಬೇಡಿ.

ಕೈಗೆ ತಕ್ಕ ಮಾರ್ಪಾಡು

ಬಿಚ್ಚದೆಯೇ ಮಾಡಬಹುದಾದ ಮಾರ್ಪಾಡುಗಳೂ ಇವೆ. ಹಿಡಿಗೆ ಮೆತ್ತನೆಯ ಗ್ರಿಪ್ ಸುತ್ತಿದರೆ ಬಿಗಿಯಾಗಿ ಹಿಡಿಯಬೇಕಾಗಿಲ್ಲ. ನೋಯುವ ಬೆರಳಿನ ಕೆಲಸವನ್ನು ಬೇರೆ ಗುಂಡಿಗೆ ವಹಿಸುವ ಸೌಲಭ್ಯ ಈಗಿನ ಅನೇಕ ಯಂತ್ರಗಳ ಸೆಟ್ಟಿಂಗ್‌ಗಳಲ್ಲಿದೆ. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೆ ಕಂಟ್ರೋಲರನ್ನು ವೆಲ್ಕ್ರೋ ಪಟ್ಟಿಯಿಂದ ಮೇಜಿಗೆ ಅಂಟಿಸಿ ಕೊಡಬಹುದು. ಮೈಕ್ರೋಸಾಫ್ಟ್ 2018ರಲ್ಲಿ ತಂದ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ಗೆ 3.5 ಮಿ.ಮೀ. ಪ್ಲಗ್ಗಿನ ದೊಡ್ಡ ಸ್ವಿಚ್‌ಗಳನ್ನು ಜೋಡಿಸಿ ಮೊಣಕೈ ಅಥವಾ ಪಾದದಿಂದಲೂ ಆಡಬಹುದು.

ರಿಪೇರಿಯಾದ ಮೇಲೆ ಗುಂಡಿ ಕೆಲಸ ಮಾಡುತ್ತದೆಯೇ ಎಂದಷ್ಟೇ ನೋಡಬೇಡಿ. ಹಗುರವಾಗಿ ಒತ್ತಿದರೆ ಸಾಕೇ ಎಂಬುದನ್ನೂ ನೋಡಿ. ಆಟದ ನಡುವೆ ಆಗಾಗ ಕೈ ಬಿಟ್ಟು ಬೆರಳುಗಳನ್ನು ಸಡಿಲಿಸುವುದನ್ನು ಮನೆಯವರೆಲ್ಲ ರೂಢಿ ಮಾಡಿಕೊಳ್ಳಿ. ಕಂಟ್ರೋಲರಿನ ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತದೆ, ಹೆಬ್ಬೆರಳಿನದು ಸಿಗುವುದಿಲ್ಲ.